ನೀರಿಗೆ ಋಣವಿಲ್ಲ

ಪಾದ್ರಿಗಳು ನೀರು ತೋರಿಸಿ ನಮ್ಮ ಜನರ ಮತ ಕೆಡಿಸುತ್ತಾರೆ ಎಂಬ ಕೂಗು ಆಗಾಗ ಏಳುತ್ತದೆ. ಕೂಗುವವರು ಯಾರು? ಊರ ಬಾವಿಯ ಕಟ್ಟೆ ಹತ್ತಲು ನಮ್ಮನ್ನು ಬಿಡದವರು. ನಮ್ಮ ಅವ್ವಂದಿರು ಕೊಡ ಕೆಳಗಿಟ್ಟು ದೂರ ನಿಂತು, 'ಯಪ್ಪಾ ಧಣಿ, ಒಂದ್ ಕೊಡ ನೀರು ಹಾಕ್ರೀ' ಎಂದು ಬೇಡುವಾಗ ಕಿವುಡಾಗಿದ್ದವರು. ಆಗ ಇವರ ಧರ್ಮ ಕೆಡಲಿಲ್ಲ. ಬೇರೆ ಯಾರೋ ನಮಗೆ ನೀರು ಕೊಟ್ಟಾಗ ಕೆಟ್ಟಿತು!

ಇಷ್ಟು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಕೇಳಿದವನು ಕಪಟಿ ಅಂದಮಾತ್ರಕ್ಕೆ ಪ್ರಶ್ನೆ ಸಾಯುವುದಿಲ್ಲ. ಒಂದು ಕೈಯಲ್ಲಿ ನೀರು, ಇನ್ನೊಂದು ಕೈಯಲ್ಲಿ ಬೈಬಲ್ಲು ಹಿಡಿದು ಬಡವರ ಕೇರಿಗೆ ಬರುವುದು ನ್ಯಾಯವೆ? ಅಮೆರಿಕದ ಎಷ್ಟೋ ಚರ್ಚುಗಳು ಆಫ್ರಿಕ, ಏಷ್ಯಾಗಳಲ್ಲಿ ಬೋರು ಕೊರೆಸುತ್ತವೆ. ದೇಹದ ಬಾಯಾರಿಕೆಯ ಜೊತೆ ಆತ್ಮದ ಬಾಯಾರಿಕೆಯನ್ನೂ ತಣಿಸುತ್ತೇವೆಂದು ದಾನ ಎತ್ತುತ್ತವೆ. ಇದನ್ನು ನಾವು, ಬಾಯಾರಿದವರು, ನಮ್ಮ ಕಡೆಯಿಂದ ಯೋಚಿಸಬೇಕು.

ಕಲ್ಲೂರು, ಮಾನ್ವಿ, ದೇವದುರ್ಗದ ಈ ಸೀಮೆ ಕೃಷ್ಣೆ ತುಂಗಭದ್ರೆಯರ ನಡುವೆ ಕೂತು ನೀರಿಗೆ ಬಾಯಿ ಬಿಡುವ ಸೀಮೆ. ಎಡದಂಡೆ ಕಾಲುವೆಯ ನೀರು ಮೇಲಿನವರ ಭತ್ತದ ಗದ್ದೆ ತುಂಬುತ್ತದೆ. ಕೊನೇ ಭಾಗಕ್ಕೆ ಬರುವಷ್ಟರಲ್ಲಿ ಬತ್ತುತ್ತದೆ. ಬೋರು ಕೊರೆದರೆ ಎಷ್ಟೋ ಕಡೆ ಫ್ಲೋರೈಡು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತವೆ, ಇನ್ನೂ ಹೆಚ್ಚಾದರೆ ಮೂಳೆ ಬಾಗುತ್ತವೆ, ಕುದಿಸಿದರೂ ಹೋಗದು. ಹಳ್ಳಿಯ ಮಾತಿರಲಿ, 2022ರಲ್ಲಿ ರಾಯಚೂರು ನಗರದಲ್ಲೇ ನಲ್ಲಿ ನೀರು ಕುಡಿದು ಜನ ಸತ್ತರು. ಇಂಥಲ್ಲಿ ಒಬ್ಬ ಶುದ್ಧ ನೀರು ತಂದರೆ 'ನಿನ್ನ ದೇವರು ಯಾರು' ಅಂತ ಕೇಳೋಕೆ ಯಾರಿಗೆ ಪುರುಸೊತ್ತಿದೆ?

ನಮ್ಮ ಜನ ಬೋರಿಂಗು ಅನ್ನುವ ಕೈಪಂಪಿನ ಕಥೆ ಕೇಳಿ. ಬೀಡುಕಬ್ಬಿಣದ ಹಳೇ ಪಂಪುಗಳು ಊರೆಲ್ಲ ಜಗ್ಗಿದರೆ ತಿಂಗಳೊಪ್ಪತ್ತಿನಲ್ಲಿ ಮುರಿಯುತ್ತಿದ್ದವು. ನಮ್ಮ ಗಡಿಯಾಚೆಯ, ಕನ್ನಡ ಮಾತಾಡುವ ಜನ ತುಂಬಿದ ಸೊಲ್ಲಾಪುರದಲ್ಲಿ ಮಿಷನ್ನಿನ ನಂಟಿದ್ದ ಬಾವಿ ಕೆಲಸದವರು ಗಟ್ಟಿಯಾದ ಉಕ್ಕಿನ ಪಂಪು ಮಾಡಿದರು. ಅದನ್ನೇ ತಿದ್ದಿ 1970ರ ದಶಕದಲ್ಲಿ ಯೂನಿಸೆಫ್ ಮತ್ತು ಸರಕಾರ 'ಇಂಡಿಯಾ ಮಾರ್ಕ್ 2' ಮಾಡಿದವು. ಅದಕ್ಕೆ ಪೇಟೆಂಟು ಇಲ್ಲ. ಲಕ್ಷಾಂತರ ಊರುಗಳಿಗೆ ಹೋಯಿತು, ಆಫ್ರಿಕಕ್ಕೂ ಹೋಯಿತು. ಅದರ ಹಿಡಿಕೆಯ ಮೇಲೆ ಶಿಲುಬೆ ಇಲ್ಲ. ಜಗ್ಗಿದವರಿಗೆಲ್ಲ ನೀರು. ಪಂಪು ಯಾರ ಜಾತಿಯನ್ನೂ ಕೇಳಲಿಲ್ಲ. ಪಂಪನ್ನು ಎಲ್ಲಿ ಹೂಡಬೇಕೆಂದು ಬೆರಳು ತೋರಿಸಿದ ಗೌಡ ಕೇಳಿದ!

2022ರಲ್ಲಿ ಕರ್ನಾಟಕ ಮತಾಂತರದ ವಿರುದ್ಧ ಕಾಯ್ದೆ ತಂದಿತು. ಉಡುಗೊರೆ, ಉಚಿತ ಶಿಕ್ಷಣ, ಒಳ್ಳೆಯ ಬದುಕಿನ ಭರವಸೆ ಎಲ್ಲವೂ ಅದರಲ್ಲಿ ಆಮಿಷ. ಮುಂದಿನ ವರ್ಷ ಬಂದ ಸರಕಾರದ ಸಂಪುಟ ಅದನ್ನು ತೆಗೆಯಲು ತೀರ್ಮಾನಿಸಿತು. ಇರಲಿ. ನಮ್ಮ ಭಾಷೆಯಲ್ಲಿ ಮತ ಅಂದರೆ ಎರಡು. ದೇವರ ಮತ, ಪೆಟ್ಟಿಗೆಯ ಮತ. ಚುನಾವಣೆಗೆ ಮೊದಲು ಕೇರಿಗೆ ಬೋರು ಕೊರೆಸಿ ಮತ ಕೇಳಿದರೆ ಅಭಿವೃದ್ಧಿ. ಮಠದವರು ದೇವರ ಫೋಟೋ ಹಾಕಿ ನೀರು ಕೊಟ್ಟರೆ ಪುಣ್ಯ. ಪಾದ್ರಿ ಕೊಟ್ಟರೆ ಮಾತ್ರ ಅಪರಾಧ. ಇದು ಯಾವ ತಕ್ಕಡಿ?

ಆಮಿಷ ಅನ್ನುವ ಮಾತಿನಲ್ಲೇ ಒಂದು ಬೈಗುಳ ಅಡಗಿದೆ. ನಮಗೆ ಬಾಯಾರಿಕೆ ಇದೆ, ಬುದ್ಧಿ ಇಲ್ಲ ಎಂಬ ಬೈಗುಳ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಬಾಗಿಲು ತೆರೆಯಿತು, ಕ್ರೈಸ್ತರಿಗೆ ತೆರೆಯಲಿಲ್ಲ. ಇಷ್ಟು ಕಳಕೊಂಡು ಹೋಗುವವನು ಒಂದು ಕೊಡ ನೀರಿಗೆ ಹೋದನೆ? ಕೂಡ್ರು ಅಂದ ಒಂದು ಮಾತಿಗೆ ಹೋದ.

ಈಗ ಮಿಷನ್ನಿನ ಗೆಳೆಯರಿಗೆ ಒಂದು ಮಾತು. ರಾಯಚೂರಿನಲ್ಲಿ, ಮಾನ್ವಿ ಕಡೆಯಲ್ಲಿ ನಿಮ್ಮವರು ನಡೆಸುವ ಶಾಲೆಗಳಲ್ಲಿ ನಮ್ಮ ಮಕ್ಕಳು ಅಕ್ಷರ ಕಲಿತಿದ್ದಾರೆ. ಅದನ್ನು ಮರೆಯುವ ಜನ ನಾವಲ್ಲ. ಆದರೆ ನಿಮ್ಮ ಪುಸ್ತಕವನ್ನೇ ತೆರೆದು ನೋಡಿ. ಯೇಸು ದಣಿದು ಬಾವಿಯ ಬಳಿ ಕೂತಾಗ, ಯೆಹೂದ್ಯರು ಬಳಕೆ ಇಟ್ಟುಕೊಳ್ಳದ ಸಮಾರ್ಯದ ಹೆಂಗಸು ಬಂದಳು. ಆತ ಅವಳಿಗೆ ನೀರು ಕೊಡಲಿಲ್ಲ, ಅವಳಿಂದ ಬೇಡಿದ. ಜೀವಜಲದ ಮಾತು ಆಮೇಲೆ ಬಂತು. ಬುದ್ಧನ ಶಿಷ್ಯ ಆನಂದನೂ ಚಂಡಾಲ ಹುಡುಗಿಯ ಹತ್ತಿರ ನೀರು ಬೇಡಿದ. ಬೇಡಿದವನು ಅವಳನ್ನು ಮನುಷ್ಯಳು ಅಂದ. ಕೊಡುವವನು ಮಾತ್ರ ಆಗಿ ಬಂದವನು, ಎಷ್ಟೇ ಕರುಣೆಯವನಾದರೂ, ಮೇಲೆಯೇ ನಿಂತಿರುತ್ತಾನೆ. ಪ್ರಾರ್ಥನೆಗೆ ಬಂದವರಿಗೆ ಮೊದಲ ಕೊಡ, ಬಾರದವರಿಗೆ ಕೊನೇ ಕೊಡ ಅಂದರೆ ಅದು ಊರ ಬಾವಿಯ ಹಳೇ ಸಾಲೇ. ಚರ್ಚಿನೊಳಗೆ ನಮಗೆ ಬೇರೆ ಬೆಂಚು, ಸತ್ತ ಮೇಲೆ ಬೇರೆ ಮಣ್ಣು ಅಂದರೂ ಅಷ್ಟೇ. ಪರಿಹಾರದ ನೆರವನ್ನು ಮತಪ್ರಚಾರಕ್ಕೆ ಬಳಸಬಾರದೆಂದು ರೆಡ್ ಕ್ರಾಸ್‌ನವರು 1994ರಲ್ಲಿ ನಿಯಮ ಬರೆದರು. ನಾವು ಅಷ್ಟು ದೂರ ಹೋಗಬೇಕಿಲ್ಲ. ನಿಮ್ಮ ಸುವಾರ್ತೆ ಸಾರಿ, ಸಂವಿಧಾನ ಆ ಹಕ್ಕು ಕೊಟ್ಟಿದೆ. ಕೇಳುವುದು ಬಿಡುವುದು ನಮ್ಮ ಹಕ್ಕು. ನಲ್ಲಿಯ ಕೀಲಿಯನ್ನು ಮಾತ್ರ ನಿಮ್ಮ ಸೊಂಟದಲ್ಲಿ ಇಟ್ಟುಕೊಳ್ಳಬೇಡಿ.

ಕೊನೆಗೆ ಮಾತು ನಮ್ಮ ಮೇಲೆಯೇ ಬರುತ್ತದೆ. 1923ರಲ್ಲಿ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರವು ಎಂದಿತು. ಕಾಗದ ತೆರೆಯಿತು, ಕೆರೆ ತೆರೆಯಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ಕುಡಿದರು. ಆ ಕೆರೆಗೆ ಸಗಣಿ ಗಂಜಲ ಸುರಿದು ಸವರ್ಣರು 'ಶುದ್ಧಿ' ಮಾಡಿದರು. ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಾಗ 1937. ಬಾಬಾಸಾಹೇಬರು ಅಂದು ಕುಡಿದದ್ದು ಯಾರ ದಾನವನ್ನೂ ಅಲ್ಲ. ಮತ ಬದಲಿಸಿದ್ದು ಅದಾಗಿ 29 ವರ್ಷಕ್ಕೆ, ಓದಿ, ಯೋಚಿಸಿ, ತಮ್ಮ ಇಷ್ಟದಂತೆ. ನೀರು ಬೇರೆ, ನಂಬಿಕೆ ಬೇರೆ ಎಂದು ಅವರು ಬದುಕಿ ತೋರಿಸಿದರು.

ಆದ್ದರಿಂದ ಗೆಳೆಯರೇ, ಯಾರು ನೀರು ಕೊಟ್ಟರೂ ಕುಡಿಯೋಣ. ಕೊಟ್ಟವರಿಗೆ ಶರಣು ಅನ್ನೋಣ, ಅವರ ಕಾಲಿಗೆ ಬೀಳುವುದು ಬೇಡ. ಉಪ್ಪಿನ ಋಣ ಉಂಟು ಅಂತಾರೆ. ನೀರು ಭೂಮಿಯದು, ಅದಕ್ಕೆ ಋಣವಿಲ್ಲ. ಪಂಚಾಯಿತಿ ಬಾಗಿಲಿಗೆ ಹೋಗಿ ಕೇಳೋಣ: ನೀರು ಪರೀಕ್ಷೆ ಮಾಡಿದ ಚೀಟಿ ಎಲ್ಲಿ? ಕೆಟ್ಟ ಘಟಕ ಎಂದು ರಿಪೇರಿ? ಕೇರಿಯ ನಲ್ಲಿಗೆ ದಿನಕ್ಕೆ ಎಷ್ಟು ತಾಸು ನೀರು? ಸರಕಾರ ಕೊಡಬೇಕಾದ್ದನ್ನು ಕೊಟ್ಟ ದಿನ ನೀರು ತೋರಿಸಿ ಮನಸ್ಸು ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಆಮೇಲೆ ನಮ್ಮವನೊಬ್ಬ ಚರ್ಚಿಗೆ ಹೋಗಲಿ, ವಿಹಾರಕ್ಕೆ ಹೋಗಲಿ, ಎಲ್ಲಿಗೂ ಹೋಗದೆ ಮನೆಯಲ್ಲೇ ಇರಲಿ. ಅವನು ಬಾಯಾರಿ ಹೋದ ಎಂದು ಯಾರೂ ಅನ್ನಲಾರರು.