ವಯಸ್ಸು ಮರೆತ ಕೋಶಗಳು

ಗಾಜಿನ ತಟ್ಟೆಯಲ್ಲಿ ಮನುಷ್ಯನ ಹೃದಯಕೋಶಗಳು ಮಿಡಿಯುವ ವಿಡಿಯೊ ನೋಡಿದಾಗಲೆಲ್ಲ ನನಗೆ ತುಸು ಕಸಿವಿಸಿ. ಎದೆಯಿಲ್ಲ, ರಕ್ತವಿಲ್ಲ, ಆದರೂ ತೆಳು ಪದರವೊಂದು ತನ್ನಷ್ಟಕ್ಕೆ ಕುಗ್ಗಿ ಹಿಗ್ಗುತ್ತಿರುತ್ತದೆ. ಕೆಲವು ತಿಂಗಳ ಹಿಂದೆ ಅದು ಯಾರದೋ ಚರ್ಮದ ಚೂರು.

ಕ್ಯೋಟೊ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕ ನಾಲ್ಕು ಜೀನ್‌ಗಳನ್ನು ಸೇರಿಸಿ, 2006ರಲ್ಲಿ ಇಲಿಯ ಚರ್ಮಕೋಶವನ್ನು, 2007ರಲ್ಲಿ ಮನುಷ್ಯನದನ್ನು, ಭ್ರೂಣಕಾಲದಂಥ ಆಕರಕೋಶವಾಗಿ ಹಿಂತಿರುಗಿಸಿದರು. ಅಲ್ಲಿಂದ ಹೃದಯದ ಸ್ನಾಯುವನ್ನೋ ರಕ್ತನಾಳದ ಒಳಪದರವನ್ನೋ ಬೆಳೆಸಬಹುದು. ಬದುಕಿರುವವರ ಎದೆ ತೆರೆಯದೆ ಅವರದೇ ಹೃದಯಕೋಶ ಕೈಗೆ ಸಿಗುತ್ತದೆ.

ನಮಗೆ ಹತ್ತಿರದ ಸಂಗತಿಯೊಂದಿದೆ. ಎಂವೈಬಿಪಿಸಿ3 ಎಂಬ ಜೀನ್‌ನಲ್ಲಿ 25 ಅಕ್ಷರ ಬಿಟ್ಟುಹೋಗುವ ಲೋಪಕ್ಕೂ ಹೃದಯಸ್ನಾಯುವಿನ ರೋಗಕ್ಕೂ ನಂಟಿದೆ. ದಕ್ಷಿಣ ಏಷ್ಯಾದ ಸುಮಾರು ಶೇ 4ರಷ್ಟು ಜನರಲ್ಲಿ ಈ ಲೋಪವಿದೆ ಎಂದು 2009ರ ಅಧ್ಯಯನ ತೋರಿಸಿತು. ಅದರ ಮೊದಲ ಲೇಖಕ ಪೆರುಂದುರೈ ದಂಡಪಾಣಿ ಮುಂದೆ ಬೆಂಗಳೂರಿನ ಆಕರಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್ ಸೇರಿದರು. ಲೋಪವಿರುವ ಬಹಳಷ್ಟು ಮಂದಿ ನಡುವಯಸ್ಸಿನವರೆಗೆ ಗಟ್ಟಿಯಾಗಿಯೇ ಇರುತ್ತಾರೆ. ಅಷ್ಟರಲ್ಲಿ ಮಕ್ಕಳಾಗಿ, ಅವರಿಗೂ ಅದು ದಾಟಿರಬಹುದು.

ತೊಡಕು ಇಲ್ಲೇ. ಐವತ್ತೈದರ ರೋಗಿಯಿಂದ ಪಡೆದ ಕೋಶವೂ ಆಕರಕೋಶವಾಗುವಾಗ ತನ್ನ ವಯಸ್ಸಿನ ಗುರುತುಗಳನ್ನು ಹೆಚ್ಚುಕಡಿಮೆ ಅಳಿಸಿಕೊಳ್ಳುತ್ತದೆ. ಬೆಳೆದ ಹೃದಯ ಮುಖ್ಯವಾಗಿ ಕೊಬ್ಬನ್ನು ಉರಿಸಿ ದುಡಿದರೆ, ತಟ್ಟೆಯ ಎಳೆಯ ಕೋಶ ಸಕ್ಕರೆಯನ್ನೇ ನೆಚ್ಚಿರುತ್ತದೆ. ಅಜ್ಜನ ಕಾಯಿಲೆಯನ್ನು ಹಸುಗೂಸಿನಲ್ಲಿ ಹುಡುಕಿದ ಹಾಗೆ! ಅದಕ್ಕೇ ಸಂಶೋಧಕರು ಕೋಶಗಳನ್ನು ಎಳೆಯುತ್ತಾರೆ, ವಿದ್ಯುತ್ತಿನಿಂದ ಓಡಿಸುತ್ತಾರೆ, ಕೊಬ್ಬಿನಾಮ್ಲ ಉಣಿಸುತ್ತಾರೆ. ಬದುಕು ತಾನಾಗಿ ಮಾಡುವುದನ್ನು ಕೈಯಾರೆ ಮಾಡಬೇಕು.

ಆದರೆ ಈ ಕೊರತೆಯೇ ಒಂದು ಲಾಭ ಅನ್ನಿಸುತ್ತದೆ ನನಗೆ. "ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದ್ರೆ ಇತ್ತಾ?" ಎಂದು ಡಾಕ್ಟರು ಕೇಳಿದರೆ ನಾವು ದೊಡ್ಡಪ್ಪ, ಸೋದರತ್ತೆ ಎಂದು ಎಣಿಸುತ್ತೇವೆ. ಅವರಿಂದ ಬಂದದ್ದು ಜೀನೋ, ಒಂದೇ ಅಡುಗೆಮನೆಯ ಉಪ್ಪೋ, ಒಂದೇ ಜಗಲಿಯ ಬೀಡಿ ಹೊಗೆಯೋ, ಬಿಡಿಸಲಾಗದು. ತಟ್ಟೆಯಲ್ಲಿ ಉಪ್ಪೂ ಇಲ್ಲ, ಹೊಗೆಯೂ ಇಲ್ಲ. ಕ್ರಿಸ್ಪರ್ ತಂತ್ರದಿಂದ ಆ ಜೀನನ್ನಷ್ಟೇ ತಿದ್ದಿ, ಅದೇ ವ್ಯಕ್ತಿಯ ತಿದ್ದದ ಕೋಶದ ಪಕ್ಕದಲ್ಲಿಟ್ಟರೆ, ಕಾಣುವ ವ್ಯತ್ಯಾಸ ಬಹುಮಟ್ಟಿಗೆ ಆ ಜೀನಿನದೇ.

ಮೂವತ್ತರ ಯುವಕನಲ್ಲಿ ಈ ಲೋಪ ಪತ್ತೆಯಾಯಿತೆನ್ನಿ. ಅವನ ಸ್ನಾಯುಕೋಶ ಎಷ್ಟು ಬಿಗಿಯಾಗಿ ಕುಗ್ಗುತ್ತದೆಂದು ತಟ್ಟೆ ತೋರಿಸೀತು. ಯಾವ ವರ್ಷ ಮೆಟ್ಟಿಲೇರುವಾಗ ಅವನಿಗೆ ಏದುಸಿರು ಬರುತ್ತದೋ, ಅಥವಾ ಬರುವುದೇ ಇಲ್ಲವೋ, ಅದನ್ನು ಅವನ ಇಪ್ಪತ್ತು ವರ್ಷಗಳ ಊಟ, ದುಡಿಮೆ, ಬಿ.ಪಿ.ಗಳೂ ಸೇರಿ ತೀರ್ಮಾನಿಸಬೇಕು. ಅಲ್ಲಿಯವರೆಗೆ ಆಗಾಗ ಹೃದಯದ ಎಕೋ ಮಾಡಿಸಿಕೊಳ್ಳಲು ಹೇಳುವುದೇ ಸದ್ಯಕ್ಕೆ ನಮ್ಮಲ್ಲಿರುವ ಸಲಹೆ.