ಮೃತರ ಸಮ್ಮತಿ

ಮಾರ್ಮನ್ನರೆಂಬ ಕ್ರೈಸ್ತಪಂಥದವರು ಅಮೆರಿಕದ ಯೂಟಾ ಪ್ರಾಂತದಲ್ಲಿ 1894ರಲ್ಲಿ ಒಂದು ವಂಶಾವಳಿ ಸಂಘವನ್ನು ಸ್ಥಾಪಿಸಿದರು. 1938ರಿಂದ ದೇಶದೇಶಗಳ ಜನನಮರಣಗಳ ದಾಖಲೆಗಳನ್ನು ಸೂಕ್ಷ್ಮಚಿತ್ರಗಳಲ್ಲಿ ಸಂಗ್ರಹಿಸುತ್ತ ಬಂದರು. ಆ ಸುರುಳಿಗಳು ಸಾಲ್ಟ್ ಲೇಕ್ ನಗರದ ಬಳಿ, ಬೆಟ್ಟವನ್ನು ಕೊರೆದು ಕಟ್ಟಿದ ಭಂಡಾರದಲ್ಲಿವೆ. ಉದ್ಯೋಗದಿಂದ ನಿವೃತ್ತರಾದ ದಂಪತಿಗಳು ಮನೆಯನ್ನೂ ಮೊಮ್ಮಕ್ಕಳನ್ನೂ ಬಿಟ್ಟು, ಸ್ವಂತ ವೆಚ್ಚದಲ್ಲಿಯೇ ಈ ಕಾರ್ಯಕ್ಕೆ ಬಂದು ನಿಲ್ಲುತ್ತಾರೆ. ಮಾಸಿದ ಬರಹದಲ್ಲಿ ಅಡಗಿದ ಹೆಸರನ್ನು ಹುಡುಕಿ, ಬಂದವರಿಗೆ ಅವರ ಮುತ್ತಜ್ಜನನ್ನು ತೋರಿಸಿಕೊಡುವುದೇ ಅವರ ದಿನಚರಿ. ಸತಿಪತಿಗಳು ಕೂಡಿಯೇ ಹೊರಡುವುದರಿಂದ ಇದನ್ನು ವಾನಪ್ರಸ್ಥದ ಒಂದು ಬಗೆಯೆನ್ನಬಹುದು.

ಆದರೆ ಇದರ ಗುರಿ ಸ್ಮರಣೆಯೊಂದೇ ಅಲ್ಲ. ದೊರೆತ ಪೂರ್ವಜರ ಪರವಾಗಿ ಬದುಕಿರುವವರೊಬ್ಬರು ದೇವಾಲಯದಲ್ಲಿ ದೀಕ್ಷಾಸ್ನಾನವನ್ನು ಪಡೆಯುತ್ತಾರೆ. ಸತ್ತವರನ್ನು ಕೇಳಿದವರಾರು? ಒಪ್ಪುವುದೂ ಬಿಡುವುದೂ ಆ ಜೀವದ ಇಚ್ಛೆಯೆಂದು ಪಂಥದವರ ಸಮಾಧಾನ. ನಾಟ್ಸಿಗಳು ಕೊಂದ ಯೆಹೂದ್ಯರ ಹೆಸರಿನಲ್ಲಿಯೂ ಇದು ನಡೆದಾಗ ಆ ಸಮಾಧಾನ ಸಾಲಲಿಲ್ಲ. ಯೆಹೂದ್ಯರೆಂಬ ಕಾರಣಕ್ಕೇ ಹತರಾದವರಿಗೆ ಆ ಗುರುತನ್ನಾದರೂ ಉಳಿಸಬೇಡವೆ? 1995ರಲ್ಲಿ ಅದನ್ನು ನಿಲ್ಲಿಸಲು ಪಂಥವು ಒಪ್ಪಿತು.

ವೈದಿಕರ ತರ್ಪಣದಲ್ಲಿಯೂ ಪಿತೃಗಳನ್ನು ಕೇಳಿ ನೀರು ಬಿಡುವುದಿಲ್ಲ, ನಿಜ. ಆದರೆ ಆ ನೀರು ಅವರವರ ಗೋತ್ರನಾಮಗಳಲ್ಲಿಯೇ ಸಲ್ಲುತ್ತದೆ. ಅವರನ್ನು ಬೇರೊಂದು ಮತಕ್ಕೆ ಕರೆಯುವುದಿಲ್ಲ. ಹೆಸರನ್ನು ಉಳಿಸುವ ಅಧಿಕಾರ ಯಾರಿಗಾದರೂ ಇರಲಿ. ಆ ಹೆಸರಿನಲ್ಲಿ ಸಂಸ್ಕಾರ ನಡೆಸುವ ಅಧಿಕಾರ ಸಂತತಿಗೂ ಮಿತವಾದದ್ದೇ. ಸ್ವಂತ ಪೂರ್ವಜರ ಹೆಸರುಗಳನ್ನೇ ತರಬೇಕೆಂದು ಪಂಥವೂ ತನ್ನವರಿಗೆ ವಿಧಿಸಿದೆ. ಆ ವೃದ್ಧದಂಪತಿಗಳ ಬಳಿಗೆ ಬರುವವರಲ್ಲಿ ಅನ್ಯಮತೀಯರೂ ಉಂಟು. ಅವರಿಗೆ ಹೆಸರು ಹುಡುಕಿಕೊಡುವಲ್ಲಿ ಶುಲ್ಕವೂ ಇಲ್ಲ, ದೀಕ್ಷೆಯ ನಿರ್ಬಂಧವೂ ಇಲ್ಲ.