ಕೆಟ್ಟ ಮೇಲೆ ಬಂದ ಬುದ್ಧಿ

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹೊತ್ತು ಮೀರಿ ಬಂದ ವಿವೇಕವು ನಿಷ್ಫಲವೆಂದು ಅದು ನಗುತ್ತದೆ. ಆದರೆ ಒಂದು ಮನೆಯಲ್ಲಿ ತಡವಾಗಿ ಉರಿದ ಒಲೆಯಿಂದ ನೆರೆಮನೆಯವರು ಕೆಂಡವನ್ನು ಕೊಂಡೊಯ್ದು ಹೊತ್ತಿಗೆ ಸರಿಯಾಗಿ ಅಡಿಗೆ ಮಾಡಿಕೊಳ್ಳಬಾರದೆ? ಅಪರಾಧ ಮಾಡಿ ಸೆರೆಮನೆಯ ವಾಸವನ್ನು ಅನುಭವಿಸಿದವರಿಂದ ಬಾಲಕರಿಗೆ ಉಪದೇಶ ಮಾಡಿಸುವ ಪದ್ಧತಿಯು ಈ ಆಸೆಯಿಂದಲೇ ಹುಟ್ಟಿದುದು. ಆ ಆಸೆಯು ಎಷ್ಟರ ಮಟ್ಟಿಗೆ ಯುಕ್ತವೆಂಬುದೇ ಪ್ರಕೃತ ವಿಚಾರ.

ಮೊದಲನೆಯ ಪ್ರಶ್ನೆ ಅಧಿಕಾರವನ್ನು ಕುರಿತದ್ದು. ತಾನು ಆಚರಿಸಿ ಇತರರನ್ನು ಆಚಾರದಲ್ಲಿ ನಿಲ್ಲಿಸುವವನೇ ಆಚಾರ್ಯನೆಂದು ಹಿರಿಯರು ಹೇಳಿದರು. ಹಾಗಾದರೆ ಕಳವು ಮಾಡಿದವನು ಅಸ್ತೇಯವನ್ನು ಹೇಗೆ ಬೋಧಿಸಿಯಾನು? ಇದು ಒಂದು ಪಕ್ಷ. ದಾರಿಯ ಮುಳ್ಳು ಎಲ್ಲಿದೆಯೆಂಬುದು ಚುಚ್ಚಿಸಿಕೊಂಡವನಿಗೇ ಚೆನ್ನಾಗಿ ಗೊತ್ತು. ಪುಸ್ತಕವನ್ನು ನೋಡಿ ಹೇಳುವ ಉಪಾಧ್ಯಾಯನ ಮಾತಿಗಿಂತ ಅವನ ಮಾತಿಗೆ ಬೆಲೆ ಹೆಚ್ಚು. ಇದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯಾಂಶವುಂಟು. ತರ್ಕದಿಂದ ಮಾತ್ರವೇ ತೀರದ ಇಂಥ ವಿವಾದದಲ್ಲಿ ಲೋಕಾನುಭವವನ್ನೂ ಪ್ರಮಾಣವಾಗಿ ತೆಗೆದುಕೊಳ್ಳಬೇಕು.

ಅಂಥ ಅನುಭವವು ಅಮೆರಿಕಾ ದೇಶದಲ್ಲಿ ದೊರೆತಿದೆ. ಅಲ್ಲಿನ ನ್ಯೂ ಜರ್ಸಿ ಸಂಸ್ಥಾನದ ರಾಹ್ವೇ ಸೆರೆಮನೆಯಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದ ಕೈದಿಗಳ ಸಂಘವೊಂದು 1976ರಲ್ಲಿ ಒಂದು ಕಾರ್ಯವನ್ನು ಕೈಕೊಂಡಿತು. ದಾರಿ ತಪ್ಪುತ್ತಿದ್ದ ಹುಡುಗರನ್ನು ಸೆರೆಮನೆಯೊಳಕ್ಕೆ ಕರೆತರುವುದು. ಅಲ್ಲಿಯ ಹೊಡೆದಾಟ, ಅವಮಾನ, ಅತ್ಯಾಚಾರಗಳನ್ನು ಮುಚ್ಚುಮರೆಯಿಲ್ಲದೆ ಗರ್ಜಿಸಿ ಹೇಳಿ, ಅವರ ಎದೆ ನಡುಗುವಂತೆ ಮಾಡಿ ಕಳುಹಿಸುವುದು. ಕೈದಿಗಳ ಉದ್ದೇಶವು ಒಳ್ಳೆಯದೇ ಆಗಿತ್ತು. ತಮ್ಮ ಬಾಳು ಹಾಳಾದರೂ ಇನ್ನೊಬ್ಬರ ಮಕ್ಕಳು ಉಳಿಯಲಿ ಎಂಬುದು ನೀಚರ ಮಾತಲ್ಲ. 17 ಮಂದಿ ಹುಡುಗ ಹುಡುಗಿಯರ ಇಂಥ ಭೇಟಿಯನ್ನು ತೋರಿಸಿದ ‘ಸ್ಕೇರ್ಡ್ ಸ್ಟ್ರೇಟ್’ ಎಂಬ ಚಿತ್ರವು 1978ರಲ್ಲಿ ಹೊರಬಂದು, ಮರುವರ್ಷ ಆಸ್ಕರ್ ಪಾರಿತೋಷಕವನ್ನು ಪಡೆಯಿತು. ಹೆದರಿಸಿ ನೆಟ್ಟಗೆ ಮಾಡುವುದು ಎಂಬುದೇ ಆ ಹೆಸರಿನ ಭಾವ. ಅನೇಕ ಊರುಗಳು ಇದನ್ನು ಅನುಕರಿಸಿದವು.

ಆದರೆ ಫಲವೇನಾಯಿತು? ರಟ್ಗರ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಫಿಂಕನಾವರ್ ಎಂಬ ಪ್ರಾಧ್ಯಾಪಕರು ರಾಹ್ವೇಗೆ ಹೋಗಿಬಂದ 46 ಮಂದಿಯನ್ನೂ ಹೋಗದಿದ್ದ 35 ಮಂದಿಯನ್ನೂ ಹೋಲಿಸಿ ನೋಡಿದರು. ಮುಂದಿನ ಆರು ತಿಂಗಳುಗಳಲ್ಲಿ ಹೋಗದಿದ್ದವರ ಪೈಕಿ ನೂರಕ್ಕೆ ಸುಮಾರು 11 ಮಂದಿ ತಪ್ಪು ಮಾಡಿದ್ದರೆ, ಹೋಗಿಬಂದವರ ಪೈಕಿ ನೂರಕ್ಕೆ 41 ಮಂದಿ ಮಾಡಿದ್ದರು. ಸಂಖ್ಯೆ ಚಿಕ್ಕದು, ಇಷ್ಟರಿಂದಲೇ ನಿರ್ಣಯ ಸಲ್ಲದು ಎನ್ನಬಹುದು. ಆದರೆ 1967ರಿಂದ 1992ರ ವರೆಗೆ ನಡೆದ ಇಂಥ ಒಂಬತ್ತು ಪರೀಕ್ಷೆಗಳನ್ನು ಪೆಟ್ರೊಸಿನೊ ಮೊದಲಾದ ವಿದ್ವಾಂಸರು ಒಟ್ಟುಗೂಡಿಸಿ ಶೋಧಿಸಿದಾಗಲೂ, 2013ರಲ್ಲಿ ಆ ಶೋಧನೆಯನ್ನು ಪರಿಷ್ಕರಿಸಿದಾಗಲೂ ಇದೇ ತಾತ್ಪರ್ಯ ಹೊರಟಿತು. ಹೆದರಿಸುವುದಕ್ಕಿಂತ ಏನೂ ಮಾಡದೆ ಸುಮ್ಮನಿದ್ದುದೇ ಮೇಲಾಗಿತ್ತು.

ಇಲ್ಲಿ ಉಪದೇಶಕರು ಬಿಡುಗಡೆ ಹೊಂದಿ ಶಾಲೆಗೆ ಬಂದವರಲ್ಲ, ಕೇಳಿದವರೂ ಎಲ್ಲ ಬಗೆಯ ವಿದ್ಯಾರ್ಥಿಗಳಲ್ಲ ಎಂಬ ಭೇದವನ್ನು ಮರೆಯಲಾಗದು. ಆದರೂ ಭಯದಿಂದ ನೀತಿಯು ಹುಟ್ಟೀತೆ ಎಂಬ ಪ್ರಶ್ನೆ ಎರಡಕ್ಕೂ ಸಮಾನ. ವಿಚಾರಿಸಿ ನೋಡಿದರೆ ಭಯದ ಉಪದೇಶದಲ್ಲಿ ಮೂರು ದೋಷಗಳು ಕಾಣುತ್ತವೆ. ಅದು ಕರ್ಮವನ್ನು ಬಿಟ್ಟು ಫಲವನ್ನು ಮಾತ್ರ ನಿಂದಿಸುತ್ತದೆ. ಕೇಳಿದ ಬಾಲಕನು ಕದಿಯಬಾರದು ಎಂದು ಕಲಿಯದೆ ಸಿಕ್ಕಿಬೀಳಬಾರದು ಎಂದು ಕಲಿಯುತ್ತಾನೆ. ಎರಡನೆಯದಾಗಿ, ಹದಿನೈದು ವರ್ಷದ ಹುಡುಗನಿಗೆ ಗೆಳೆಯರ ಎದುರಿನಲ್ಲಿ ಧೀರನೆನಿಸಿಕೊಳ್ಳುವ ಆಸೆ. ಮುಂದೆ ನಿಂತು ಗರ್ಜಿಸುವವನು ಅವನ ಕಣ್ಣಿಗೆ ಎಚ್ಚರಿಕೆಯಾಗಿ ಕಾಣದೆ ವೀರನಾಗಿ ಕಂಡರೆ ಆಶ್ಚರ್ಯವಿಲ್ಲ. ಮೂರನೆಯದಾಗಿ, ಅದು ಸ್ಮಶಾನವೈರಾಗ್ಯ. ಚಿತೆಯ ಮುಂದೆ ಹುಟ್ಟಿದ ವಿರಕ್ತಿಯು ಸ್ನಾನಮಾಡಿ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಮಾಯವಾಗುವಂತೆ, ಸೆರೆಮನೆಯ ಕಥೆ ಹುಟ್ಟಿಸಿದ ನಡುಕವೂ ಬೀದಿಯ ತಿರುವಿನಲ್ಲಿ ಮರೆತುಹೋಗುತ್ತದೆ.

ಹಾಗಾದರೆ ದಂಡಿತನಾದವನಿಂದ ಕಲಿಯತಕ್ಕದ್ದು ಏನೂ ಇಲ್ಲವೆ? ಉಂಟೆಂಬುದಕ್ಕೆ ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಶಂಖಲಿಖಿತರ ಉಪಾಖ್ಯಾನವೇ ಸಾಕ್ಷಿ. ಬಾಹುದಾ ನದಿಯ ದಡದಲ್ಲಿ ಅಣ್ಣ ಶಂಖನಿಗೂ ತಮ್ಮ ಲಿಖಿತನಿಗೂ ಬೇರೆಬೇರೆ ಆಶ್ರಮಗಳಿದ್ದವು. ಅಣ್ಣನಿಲ್ಲದ ವೇಳೆಯಲ್ಲಿ ಅವನ ಆಶ್ರಮಕ್ಕೆ ಬಂದ ಲಿಖಿತನು ಮಾಗಿದ ಹಣ್ಣುಗಳನ್ನು ಕೊಯ್ದು ತಿಂದನು. ಕೇಳದೆ ತೆಗೆದುಕೊಂಡದ್ದು ಕಳವೇ ಸರಿ, ರಾಜನ ಬಳಿಗೆ ಹೋಗಿ ದಂಡವನ್ನು ಬೇಡು ಎಂದನು ಶಂಖ. ದಂಡಿಸುವ ಅಧಿಕಾರವಿದ್ದಂತೆ ಮನ್ನಿಸುವ ಅಧಿಕಾರವೂ ತನಗುಂಟೆಂದು ಸುದ್ಯುಮ್ನರಾಜನು ಹೇಳಿದರೂ ಲಿಖಿತನು ಒಪ್ಪಲಿಲ್ಲ. ಕಡೆಗೆ ರಾಜನು ಅವನ ಕೈಗಳನ್ನು ಕತ್ತರಿಸಿದನು. ಮರಳಿ ಬಂದ ತಮ್ಮನನ್ನು ಅಣ್ಣನು ನದಿಯಲ್ಲಿ ಮಿಂದು ತರ್ಪಣ ಕೊಡುವಂತೆ ಕಳುಹಿಸಲು, ಕೈಗಳು ಮತ್ತೆ ಮೂಡಿದವು. ಆ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿಯೇ ಒಂದು ಧರ್ಮಶಾಸ್ತ್ರವು ಪ್ರಸಿದ್ಧವಾಗಿದೆ. ಕಳವಿಗಾಗಿ ದಂಡಿತನಾದವನ ಹೆಸರು ಧರ್ಮಶಾಸ್ತ್ರಕಾರರ ಪಂಕ್ತಿಯಲ್ಲಿ ನಿಂತಿತು!

ಅಂದಿನ ದಂಡದ ಕ್ರೌರ್ಯವನ್ನು ಇಂದು ಯಾರೂ ಬಯಸರು. ಗಮನಿಸತಕ್ಕದ್ದು ಬೇರೆ. ಲಿಖಿತನನ್ನು ಯಾರೂ ಕಟ್ಟಿ ಎಳೆದೊಯ್ಯಲಿಲ್ಲ. ಕ್ಷಮೆಯು ಎದುರಿಗೇ ಬಂದು ನಿಂತಿತ್ತು. ಅವನಿಗೆ ಧರ್ಮವನ್ನು ಹೇಳುವ ಅಧಿಕಾರ ಬಂದುದು ಕೈ ಕತ್ತರಿಸಿದುದರಿಂದಲ್ಲ, ತನ್ನ ಕಾರ್ಯಕ್ಕೆ ಅದರ ನಿಜವಾದ ಹೆಸರನ್ನು ಇಟ್ಟುಕೊಂಡುದರಿಂದ. ಅಣ್ಣನ ಹಣ್ಣಲ್ಲವೆ ಎಂಬ ಸಮಾಧಾನವನ್ನು ಬಿಟ್ಟು ಇದು ಕಳವು ಎಂದು ಒಪ್ಪಿಕೊಂಡ ಆ ಕ್ಷಣದಲ್ಲಿಯೇ ಅವನು ಉಪದೇಶಾರ್ಹನಾದನು.

ಆದುದರಿಂದ ಸೆರೆಯಿಂದ ಬಿಡುಗಡೆ ಹೊಂದಿದವನು ಮಕ್ಕಳಿಗೆ ಹೇಳಬೇಕಾದುದು ಗೋಡೆಯ ಎತ್ತರವನ್ನಲ್ಲ, ಮೊದಲ ಹಣ್ಣಿನ ಕಥೆಯನ್ನು. ಇಷ್ಟು ಸಣ್ಣದಕ್ಕೆ ಏನು ಎಂದು ತನಗೆ ತಾನೇ ಹೇಳಿಕೊಂಡ ದಿನ ಯಾವುದು? ಬೇಡವೆನ್ನಲು ನಾಲಗೆಯ ತುದಿಗೆ ಬಂದ ಮಾತು ಯಾರ ದಾಕ್ಷಿಣ್ಯಕ್ಕೆ ಹಿಂದಿರುಗಿತು? ತಾನು ಕಸಿದುಕೊಂಡ ಹಣವು ಯಾರ ಮನೆಯ ಮದ್ದಿಗೆ, ಯಾರ ಮಗಳ ಮದುವೆಗೆ ಕೂಡಿಟ್ಟದ್ದಾಗಿತ್ತು? ಇದನ್ನು ಅಬ್ಬರವಿಲ್ಲದೆ, ಕೆಲವೇ ಮಕ್ಕಳ ನಡುವೆ, ಉಪಾಧ್ಯಾಯರ ಸಮ್ಮುಖದಲ್ಲಿ, ಪ್ರಶ್ನೆಗಳಿಗೆ ಎಡೆಗೊಟ್ಟು ಹೇಳುವುದಾದರೆ ಅದು ಕೇಳತಕ್ಕ ಮಾತು. ಬರುವವನ ಯೋಗ್ಯತೆಯನ್ನು ಶಾಲೆಯವರು ಮೊದಲೇ ವಿಚಾರಿಸಿಕೊಳ್ಳಬೇಕೆಂಬುದು ಹೇಳದೆಯೇ ತಿಳಿಯುವುದು.

ಇನ್ನು ಆ ಮನುಷ್ಯನ ಶ್ರೇಯಸ್ಸೂ ಒಂದುಂಟು. ದಂಡವನ್ನು ಅನುಭವಿಸಿದವನು ಶುದ್ಧನೆಂಬುದು ಸ್ಮೃತಿಕಾರರ ಮತ. ಶುದ್ಧನಾದವನನ್ನು ಶಾಲೆಯಿಂದ ಶಾಲೆಗೆ ಕರೆದೊಯ್ದು, ಅವನ ಪತನದ ಕಥೆಯನ್ನೇ ಮತ್ತೆಮತ್ತೆ ಹೇಳಿಸಿ, ಮಕ್ಕಳು ಬೆರಳು ತೋರಿಸುವಂತೆ ನಿಲ್ಲಿಸುವುದಾದರೆ ಅದು ಅವಧಿಯಿಲ್ಲದ ಇನ್ನೊಂದು ಶಿಕ್ಷೆಯೇ ಆಗುತ್ತದೆ. ಅವನು ಸೆರೆಮನೆಯಲ್ಲಿ ಮರಗೆಲಸವನ್ನು ಕಲಿತು ಬಂದಿದ್ದರೆ, ಮರಗೆಲಸವನ್ನು ಕಲಿಸುವುದಕ್ಕಾಗಿಯೇ ಅವನನ್ನು ಕರೆಯಬಾರದೇಕೆ? ತಪ್ಪಿ ಬಿದ್ದವನು ಎದ್ದು ಬಂದಾಗ ಊರು ಅವನಿಗೆ ಒಂದು ಮಣೆಯನ್ನು ಹಾಕುತ್ತದೆಯೋ ಇಲ್ಲವೋ ಎಂಬುದನ್ನು ಮಕ್ಕಳು ನೋಡುತ್ತಲೇ ಇರುತ್ತಾರೆ. ಅವರು ಅದರಿಂದ ಕಲಿಯುವ ಪಾಠವು ಒಂದು ಗಂಟೆಯ ಭಾಷಣದಲ್ಲಿ ಕಲಿಯುವುದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.